ಕ್ಯಾಂಪರ್ ವ್ಯಾನಿಗೆ ರಾತ್ರಿ ದೀಪ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ವ್ಯಾನಿನೊಳಗೆ ಮಲಗಿದ ಮೇಲೆ ಉರಿಯುವ ಸಣ್ಣ ದೀಪದ ಬಗ್ಗೆಯೇ ಇದ್ದವು, ಹಾಗಾಗಿ ಅವನ್ನೆಲ್ಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಒಳಗಿನ ದೀಪ, ಫ್ಯಾನ್, ಫ್ರಿಜ್ ನಡೆಸುವ ಎರಡನೇ ಬ್ಯಾಟರಿಯನ್ನು ಇಲ್ಲಿ 'ಮನೆ ಬ್ಯಾಟರಿ' ಎಂದು ಕರೆದಿದ್ದೇವೆ. ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿ ಬೇರೆ.

ಪ್ರಶ್ನೆ: ಟ್ರಾವೆಲರ್ ವ್ಯಾನನ್ನು ಕ್ಯಾಂಪರ್ ಮಾಡಿಸಿದ್ದೇವೆ. 100 ಆಂಪ್ ಅವರ್ ಲೆಡ್ ಆಸಿಡ್ ಬ್ಯಾಟರಿ, 1,000 ವ್ಯಾಟ್ ಇನ್ವರ್ಟರ್ ಇದೆ. ರಾತ್ರಿ ಮನೆಯಲ್ಲಿ ಹಾಕುವಂಥ ಒಂದು ಜೀರೋ ಬಲ್ಬ್ ಮತ್ತು ಸಣ್ಣ ಫ್ಯಾನ್ ಬಿಟ್ಟರೆ ಬೇರೇನೂ ಉರಿಸುವುದಿಲ್ಲ. ಆದರೂ ಎರಡನೇ ರಾತ್ರಿ ಬೆಳಗಿನ ಜಾವಕ್ಕೆ ಇನ್ವರ್ಟರ್ ಕೂಗತೊಡಗುತ್ತದೆ. ಏಕೆ? (ಹುಬ್ಬಳ್ಳಿಯ ಓದುಗರು)

ಉತ್ತರ: ಫಿಲಮೆಂಟ್ ಇರುವ ಹಳೇ ಮಾದರಿಯ ಜೀರೋ ಬಲ್ಬ್ 12ರಿಂದ 15 ವ್ಯಾಟ್ ಎಳೆಯುತ್ತದೆ. ಇನ್ವರ್ಟರಿನ ನಷ್ಟ ಸೇರಿಸಿದರೆ ಬ್ಯಾಟರಿ ಕಡೆಯಿಂದ ಸುಮಾರು ಒಂದೂವರೆ ಆಂಪ್. ಅದರ ಮೇಲೆ, 1,000 ವ್ಯಾಟ್ ಇನ್ವರ್ಟರ್ ಬರಿದೇ ಆನ್ ಆಗಿದ್ದರೂ ತನ್ನ ಪಾಡಿಗೆ ಅರ್ಧದಿಂದ ಒಂದು ಆಂಪ್ ತಿನ್ನುತ್ತದೆ. ಎರಡೂ ಸೇರಿ ಒಂಬತ್ತು ಗಂಟೆಗೆ 20 ಆಂಪ್ ಅವರ್ ಆಸುಪಾಸು ಹೋಯಿತು. ಲೆಡ್ ಆಸಿಡ್ ಬ್ಯಾಟರಿಯಲ್ಲಿ ಬಾಳಿಕೆ ಕೆಡದಂತೆ ಬಳಸಬಹುದಾದದ್ದು ಅರ್ಧ ಮಾತ್ರ, ಅಂದರೆ ನಿಮ್ಮದರಲ್ಲಿ 50. ಎರಡು ರಾತ್ರಿಗೆ ದೀಪ ಮತ್ತು ಇನ್ವರ್ಟರೇ 40 ತೆಗೆದುಕೊಂಡರೆ ಫ್ಯಾನಿಗೆ ಉಳಿಯುವುದೇನು?

ಬಲ್ಬ್ ಬದಲಿಸಿ ಅರ್ಧ ವ್ಯಾಟ್‌ನ ಎಲ್‌ಇಡಿ ಜೀರೋ ಬಲ್ಬ್ ಹಾಕಿದರೂ ಪೂರ್ತಿ ಪರಿಹಾರ ಸಿಗುವುದಿಲ್ಲ, ಏಕೆಂದರೆ ಇನ್ವರ್ಟರಿನ ಖರ್ಚು ಹಾಗೇ ಇರುತ್ತದೆ. ರಾತ್ರಿ ದೀಪ 230 ವೋಲ್ಟ್ ಕಡೆಗೆ ಹೋಗಲೇಬಾರದು. ನೇರ 12 ವೋಲ್ಟಿನಲ್ಲಿ ನಡೆಯುವ 0.3 ವ್ಯಾಟ್ ಎಲ್‌ಇಡಿ ಒಂಬತ್ತು ಗಂಟೆಗೆ ಕಾಲು ಆಂಪ್ ಅವರ್ ಕೂಡ ಮುಟ್ಟುವುದಿಲ್ಲ. ಅಂಥವು ನಾಲ್ಕಿದ್ದರೂ ನಿಮ್ಮ ಬ್ಯಾಟರಿಗೆ ಲೆಕ್ಕಕ್ಕಿಲ್ಲ. ಫ್ಯಾನ್ ಕೂಡ 12 ವೋಲ್ಟಿನದೇ ಆದರೆ ಮಲಗುವಾಗ ಇನ್ವರ್ಟರನ್ನು ಅದರ ಮುಖ್ಯ ಸ್ವಿಚ್‌ನಲ್ಲೇ ಆಫ್ ಮಾಡಬಹುದು. ದೊಡ್ಡ ಉಳಿತಾಯ ಇರುವುದು ಅಲ್ಲಿ.

ಪ್ರಶ್ನೆ: ಆನ್‌ಲೈನಿನಲ್ಲಿ ತರಿಸಿದ 12 ವೋಲ್ಟ್ ಎಲ್‌ಇಡಿ ಸ್ಟ್ರಿಪ್ ಮೂರು ತಿಂಗಳಲ್ಲಿ ಅಲ್ಲಲ್ಲಿ ಮಂಕಾಯಿತು, ಕೆಲವು ತುಂಡು ಪೂರ್ತಿ ಸತ್ತಿವೆ. ಬೇರೆ ಕಂಪನಿಯದು ಹಾಕಿದರೂ ಅದೇ ಕಥೆ. ವೈರಿಂಗ್ ಸರಿ ಇದೆ ಎನ್ನುತ್ತಾರೆ ಎಲೆಕ್ಟ್ರಿಷಿಯನ್. (ಮಂಗಳೂರಿನ ಓದುಗರು)

ಉತ್ತರ: ವೈರಿಂಗ್ ಸರಿಯೇ ಇರಬಹುದು. ವಾಹನದಲ್ಲಿ 12 ವೋಲ್ಟ್ ಎನ್ನುವುದು ಹೆಸರಿಗಷ್ಟೇ ಇರುವುದರಿಂದ ತೊಂದರೆ ಬರುತ್ತದೆ. ಎಂಜಿನ್ ಓಡುವಾಗ ಅಥವಾ ಸೋಲಾರ್ ಚಾರ್ಜ್ ಆಗುವಾಗ ಮಲ್ಟಿಮೀಟರ್ ಹಿಡಿದು ನೋಡಿ, 14.2ರಿಂದ 14.6ರವರೆಗೆ ತೋರಿಸುತ್ತದೆ.

ಸ್ಟ್ರಿಪ್ಪನ್ನು ಹತ್ತಿರದಿಂದ ನೋಡಿದರೆ ಕತ್ತರಿ ಗುರುತಿನಿಂದ ಕತ್ತರಿ ಗುರುತಿಗೆ ಮೂರು ಎಲ್‌ಇಡಿ, ಜೊತೆಗೆ ಒಂದು ಕರಿಯ ರೆಸಿಸ್ಟರ್ ಕಾಣುತ್ತದೆ. ಅದರ ಮೇಲೆ 151 ಎಂದಿದ್ದರೆ 150 ಓಮ್ ಎಂದರ್ಥ. ಮೂರು ಬಿಳಿ ಎಲ್‌ಇಡಿ ಸೇರಿ ಸುಮಾರು 9.3 ವೋಲ್ಟ್ ತೆಗೆದುಕೊಳ್ಳುತ್ತವೆ. 12 ವೋಲ್ಟ್ ಕೊಟ್ಟಾಗ ರೆಸಿಸ್ಟರಿಗೆ ಉಳಿಯುವುದು 2.7, ಕರೆಂಟ್ 18 ಮಿಲಿಆಂಪ್. 14.4 ಕೊಟ್ಟಾಗ ಉಳಿಯುವುದು ಐದರ ಹತ್ತಿರ, ಕರೆಂಟ್ 30 ಮಿಲಿಆಂಪ್ ದಾಟುತ್ತದೆ. ವೋಲ್ಟೇಜ್ ಏರಿದ್ದು ಐದರಲ್ಲಿ ಒಂದು ಪಾಲು, ರೆಸಿಸ್ಟರಿನ ಬಿಸಿ ಏರಿದ್ದು ಮೂರು ಪಟ್ಟು. 20 ಮಿಲಿಆಂಪ್‌ಗೆಂದು ಮಾಡಿದ ಚಿಪ್ ಪ್ಲೈವುಡ್ ಮೇಲೆ ಅಂಟಿಕೊಂಡು, ಬಿಸಿ ಹೊರಹೋಗಲು ದಾರಿಯಿಲ್ಲದೆ ಹೀಗೆ ತಿಂಗಳುಗಟ್ಟಲೆ ಬೆಂದರೆ ಮಂಕಾಗದೆ ಇನ್ನೇನಾದೀತು?

ಎರಡು ದಾರಿಗಳಿವೆ. ಒಂದು, ಪೆಟ್ಟಿಗೆಯ ಮೇಲೆ '12 ವೋಲ್ಟ್' ಎಂದಷ್ಟೇ ಇರುವುದನ್ನು ಬಿಟ್ಟು '10–30 ವೋಲ್ಟ್ ಡಿಸಿ' ಎಂದು ಬರೆದಿರುವ ದೀಪ ಕೊಳ್ಳಿ. ಅದರೊಳಗೆ ಕರೆಂಟನ್ನು ಒಂದೇ ಮಟ್ಟದಲ್ಲಿ ಹಿಡಿಯುವ ಡ್ರೈವರ್ ಇರುತ್ತದೆ. ಬೋಟ್ ಮತ್ತು ಲಾರಿಗಳಿಗೆಂದು ಮಾರುವ ದೀಪಗಳಲ್ಲಿ ಇದು ಸಾಮಾನ್ಯ.

ಇನ್ನೊಂದು ದಾರಿ ರಾತ್ರಿ ದೀಪಕ್ಕೆ ಹೇಳಿ ಮಾಡಿಸಿದ್ದು. ಸ್ಟ್ರಿಪ್ಪಿಗೂ ಫ್ಯೂಸಿಗೂ ನಡುವೆ ಎಲ್‌ಎಂ2596 ಚಿಪ್ ಇರುವ ಸಣ್ಣ ಬಕ್ ಕನ್ವರ್ಟರ್ (ವೋಲ್ಟೇಜ್ ಇಳಿಸುವ ಮಾಡ್ಯೂಲ್) ಹಾಕಿ. ಸ್ಟ್ರಿಪ್ ಜೋಡಿಸುವ ಮೊದಲೇ ಅದರ ಹಿತ್ತಾಳೆ ತಿರುಪನ್ನು ತಿರುಗಿಸುತ್ತ ಔಟ್‌ಪುಟ್ 9 ವೋಲ್ಟಿಗೆ ತನ್ನಿ. ಆಮೇಲೆ ಸ್ಟ್ರಿಪ್ ಜೋಡಿಸಿ, ಕತ್ತಲೆಯಲ್ಲಿ ಕುಳಿತು 8.5ರಿಂದ 9.5ರ ನಡುವೆ ಬೇಕಾದಲ್ಲಿ ನಿಲ್ಲಿಸಿ. ತಿರುಪಿನ ಮೇಲೆ ಒಂದು ಹನಿ ಉಗುರುಬಣ್ಣ ಬಿಟ್ಟರೆ ಘಾಟಿ ರಸ್ತೆಯ ಕುಲುಕಾಟಕ್ಕೆ ಅದು ಜಾರುವುದಿಲ್ಲ. ಬೆಳಕು ಮಂದವಾಗುತ್ತದೆ, ಮಿನುಗು ಇರುವುದಿಲ್ಲ, ಸ್ಟ್ರಿಪ್ ವರ್ಷಗಟ್ಟಲೆ ಬಾಳುತ್ತದೆ. ಇದರಲ್ಲಿ ಒಂದೇ ಕೊರತೆ: ಇಷ್ಟು ಕಡಿಮೆ ವೋಲ್ಟೇಜಿನಲ್ಲಿ ಅಗ್ಗದ ಸ್ಟ್ರಿಪ್ಪಿನ ಒಂದು ತುಂಡು ಚೂರು ಹೆಚ್ಚು, ಪಕ್ಕದ್ದು ಚೂರು ಕಡಿಮೆ ಉರಿಯುತ್ತದೆ. ಮಂಚದ ಕೆಳಗೆ ಅಡಗಿಸಿಟ್ಟರೆ ಅದು ಗೊತ್ತಾಗುವುದಿಲ್ಲ. ಮಾಡ್ಯೂಲ್ ತಾನೇ ಹತ್ತು ಮಿಲಿಆಂಪ್‌ವರೆಗೆ ತಿನ್ನುವುದರಿಂದ ಸ್ವಿಚ್ಚನ್ನು ಅದರ ಹಿಂದೆ, ಬ್ಯಾಟರಿ ಕಡೆಗೆ ಇಡಿ.

ಪ್ರಶ್ನೆ: ಅಮ್ಮನಿಗೆ ಎಪ್ಪತ್ತು ದಾಟಿದೆ, ರಾತ್ರಿ ಎರಡು ಸಲ ಏಳುತ್ತಾರೆ. ದೀಪ ಕೆಂಪಿರಲಿ ಎಂದು ಒಬ್ಬರು, ನೀಲಿ ತಂಪು ಎಂದು ಮತ್ತೊಬ್ಬರು. ಯಾವ ಬಣ್ಣ, ಎಷ್ಟು ಬೆಳಕು, ಎಲ್ಲಿ ಇಡಬೇಕು? (ಮೈಸೂರಿನ ಓದುಗರು)

ಉತ್ತರ: ನೀಲಿ ಬೇಡವೇ ಬೇಡ. ಹಗಲಾಯಿತೆಂದು ಮೆದುಳಿಗೆ ಹೇಳುವ ಕಣ್ಣಿನ ಕೋಶಗಳು ಹೆಚ್ಚು ಸ್ಪಂದಿಸುವುದು 480 ನ್ಯಾನೊಮೀಟರ್ ಆಸುಪಾಸಿನ ನೀಲಿಗೇ. ಒಮ್ಮೆ ಎದ್ದವರಿಗೆ ಮತ್ತೆ ನಿದ್ದೆ ಹತ್ತುವುದು ತಡವಾಗುತ್ತದೆ. ಕೆಂಪಿಗೆ ಆ ದೋಷವಿಲ್ಲ, ಆದರೆ ವಯಸ್ಸಾದವರಿಗೆ ಅದನ್ನು ನಾವು ಹೇಳುವುದಿಲ್ಲ. ಕೆಂಪು ಬೆಳಕಿನಲ್ಲಿ ಮಾತ್ರೆ ಪಟ್ಟಿಯ ಮೇಲಿನ ಕೆಂಪಕ್ಷರ ಮಾಯವಾಗುತ್ತದೆ, ಮೆಟ್ಟಿಲಿನ ಅಂಚು ನೆಲದಲ್ಲಿ ಕರಗಿಹೋಗುತ್ತದೆ. ನಿಮ್ಮ ಅಮ್ಮನಿಗೆ ಹಳದಿ ಮಿಶ್ರಿತ ಕಿತ್ತಳೆ, ಅಂದರೆ 590 ನ್ಯಾನೊಮೀಟರಿನ ಆಂಬರ್ ಸರಿ.

ಅಂಗಡಿಯವರು ವಾರ್ಮ್ ವೈಟನ್ನೇ ಆಂಬರ್ ಎಂದು ಕೊಡುವುದುಂಟು. ಪರೀಕ್ಷೆ ಸುಲಭ. ಹಳೆಯ ಸಿಡಿಯೊಂದರ ಹೊಳೆಯುವ ಬದಿಯಲ್ಲಿ ದೀಪದ ಪ್ರತಿಬಿಂಬವನ್ನು ಓರೆಯಾಗಿ ನೋಡಿ. ಬಣ್ಣಗಳು ಬಿಡಿಸಿಕೊಂಡಾಗ ನೀಲಿಯ ಪಟ್ಟಿ ಕಂಡರೆ ಅದು ವಾರ್ಮ್ ವೈಟ್. ನಿಜವಾದ ಆಂಬರಿನಲ್ಲಿ ಹಳದಿ, ಕಿತ್ತಳೆ ಬಿಟ್ಟು ಬೇರೆ ಇರುವುದಿಲ್ಲ.

ಬೆಳಕಿನ ಪ್ರಮಾಣದಲ್ಲಿ ಬಹುತೇಕರು ಅತಿ ಮಾಡುತ್ತಾರೆ. ಮೊಬೈಲ್ ಟಾರ್ಚ್ ನಲವತ್ತು–ಐವತ್ತು ಲ್ಯೂಮೆನ್ ಕೊಡುತ್ತದೆ. ವ್ಯಾನಿನ ಒಳಗೆ ಒಂದೊಂದು ಜಾಗಕ್ಕೆ ಬೇಕಾದದ್ದು ಒಂದರಿಂದ ಮೂರು, ವಯಸ್ಸಾದ ಕಣ್ಣಿಗೆ ಐದು. ಅದಕ್ಕಿಂತ ಮುಖ್ಯವಾದದ್ದು ದೀಪ ಕಣ್ಣಿಗೆ ನೇರ ಕಾಣಬಾರದು, ನೆಲ ಮಾತ್ರ ಕಾಣಬೇಕು ಎಂಬುದು. ವಯಸ್ಸಾದಂತೆ ಕಣ್ಣಿನ ಮಸೂರ ಬೆಳಕನ್ನು ಚದುರಿಸುವುದು ಹೆಚ್ಚುತ್ತದೆ. ಗೋಡೆಯ ಮೇಲಿನ ಸಣ್ಣ ಚುಕ್ಕೆ ದೀಪವೂ ಅವರಿಗೆ ಚುಚ್ಚುತ್ತದೆ, ಅದರ ಕೆಳಗಿನ ಮೆಟ್ಟಿಲು ಮಾತ್ರ ಕಾಣುವುದಿಲ್ಲ.

ಹಾಗಾಗಿ ಮಂಚದ ಪೆಟ್ಟಿಗೆಯ ಅಂಚಿನ ಒಳಬದಿಗೆ, ನೆಲದಿಂದ 10–15 ಸೆಂಟಿಮೀಟರ್ ಮೇಲೆ, ಕೆಳಮುಖವಾಗಿ 15 ಸೆಂಟಿಮೀಟರ್ ಸ್ಟ್ರಿಪ್ ಹಾಕಿ. ಹಾಲುಬಿಳಿ ಮುಚ್ಚಳವಿರುವ ಅಲ್ಯೂಮಿನಿಯಂ ಚಾನೆಲ್‌ನಲ್ಲಿಟ್ಟರೆ ಒಳ್ಳೆಯದು. ಎರಡನೆಯದು ಟಾಯ್ಲೆಟ್ ಬಾಗಿಲಿನ ಹೊಸ್ತಿಲ ಬಳಿ, ಮೂರನೆಯದು ಟಾಯ್ಲೆಟ್ ಒಳಗೆ, ಬೇಸಿನ್ ಕೆಳಗೆ. ವ್ಯಾನುಗಳಲ್ಲಿ ಮಂಚದ ಮುಂದೆ ಒಂದು ಎತ್ತರ ತಗ್ಗು ಇದ್ದೇ ಇರುತ್ತದೆ, ಆ ಅಂಚಿಗೆ ನೆಲದ ಬಣ್ಣಕ್ಕೆ ವಿರುದ್ಧವಾದ ಪಟ್ಟಿ ಅಂಟಿಸಿ. ಬೀಳದಂತೆ ತಡೆಯುವುದರಲ್ಲಿ ಅದು ದೀಪದಷ್ಟೇ ಕೆಲಸ ಮಾಡುತ್ತದೆ.

ಪ್ರಶ್ನೆ: ಓಡಾಡಿದಾಗ ತಾನೇ ಹೊತ್ತುವ ಸೆನ್ಸರ್ ದೀಪ ಹಾಕಿದ್ದೇವೆ. ಯಾರು ಮಗ್ಗುಲಾದರೂ ಹೊತ್ತುತ್ತದೆ. ಬೇಸಿಗೆಯಲ್ಲಿ ಮಾತ್ರ ಎದುರು ನಿಂತರೂ ಹೊತ್ತುವುದಿಲ್ಲ. (ಕಲಬುರಗಿಯ ಓದುಗರು)

ಉತ್ತರ: ಪಿಐಆರ್ ಸೆನ್ಸರ್ ಅಳೆಯುವುದು ಚಲನೆಯನ್ನಲ್ಲ, ತನ್ನ ಮುಂದೆ ಹಾಯುವ ಶಾಖದ ವ್ಯತ್ಯಾಸವನ್ನು. ನಿಮ್ಮೂರಿನ ಮೇ ತಿಂಗಳಲ್ಲಿ ವ್ಯಾನಿನ ಒಳಗೋಡೆಯೇ 35 ಡಿಗ್ರಿ ದಾಟಿರುತ್ತದೆ, ಮೈ ಚರ್ಮವೂ ಅಷ್ಟೇ ಬೆಚ್ಚಗಿರುತ್ತದೆ. ವ್ಯತ್ಯಾಸವೇ ಇಲ್ಲದಾಗ ಅದು ಏನನ್ನು ಗುರುತಿಸೀತು? ಇದು ಕೆಟ್ಟ ಮಾಲಿನ ದೋಷವಲ್ಲ. ಅಂಥ ಊರುಗಳಲ್ಲಿ ಮಂಚದ ಬಳಿ ಕೈಗೆಟುಕುವ ಸ್ವಿಚ್ ಕೂಡ ಇರಲೇಬೇಕು.

ಮಗ್ಗುಲಾದಾಗ ಹೊತ್ತುವುದಕ್ಕೆ ಸೆನ್ಸರ್ ಹಾಸಿಗೆಯನ್ನು ನೋಡುತ್ತಿರುವುದೇ ಕಾರಣ. ಅದನ್ನು ಮಂಚದ ಮಟ್ಟಕ್ಕಿಂತ ಕೆಳಗೆ, ಮೀನಖಂಡದ ಎತ್ತರಕ್ಕೆ ಇಳಿಸಿ. ಗುಮ್ಮಟದಂಥ ಬಿಳಿ ಲೆನ್ಸಿನ ಮೇಲರ್ಧಕ್ಕೆ ಕರಿಯ ಇನ್ಸುಲೇಶನ್ ಟೇಪ್ ಸುತ್ತಿ, ಅದಕ್ಕೆ ಕಾಲು ಮಾತ್ರ ಕಾಣಬೇಕು. ಎಸಿ ಗಾಳಿ ಬೀಳುವಲ್ಲಿ ಇಡಬೇಡಿ, ತಣ್ಣನೆ ಗಾಳಿ ಬಂದು ಹೋಗುವುದೇ ಅದಕ್ಕೆ ಮನುಷ್ಯ ಬಂದಂತೆ. ಕೊಳ್ಳುವಾಗ ಸುಮ್ಮನಿದ್ದಾಗಿನ ಕರೆಂಟ್ ಒಂದು ಮಿಲಿಆಂಪ್‌ಗಿಂತ ಕಡಿಮೆ ಇದೆಯೇ ನೋಡಿ. ಹೊತ್ತಿದ ಮೇಲೆ 30 ಸೆಕೆಂಡಿಗೆ ಆರುವುದು ಬೇಡ, ಟಾಯ್ಲೆಟ್ಟಿಗೆ ಎರಡು–ಮೂರು ನಿಮಿಷ ಬೇಕು.

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿದ್ದೇವೆ. ಬಾಡಿಗೆ ಆರ್‌ವಿಯಲ್ಲಿ (ಇಲ್ಲಿನ ಕ್ಯಾಂಪರ್) ಮಕ್ಕಳೊಂದಿಗೆ ಯೊಸೆಮಿಟಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗುತ್ತಿದ್ದೇವೆ. ಮನೆಯ ಗೋಡೆ ಪ್ಲಗ್ಗಿನ ನೈಟ್ ಲೈಟ್ ಒಯ್ದರೆ ಸಾಕೇ? (ಫ್ರೀಮಾಂಟ್‌ನ ಓದುಗರು)

ಉತ್ತರ: ಸಾಲದು. ಆರ್‌ವಿಯ 120 ವೋಲ್ಟ್ ಪ್ಲಗ್ಗಿಗೆ ಸಾಮಾನ್ಯವಾಗಿ ಜೀವ ಬರುವುದು ಕ್ಯಾಂಪ್‌ನ ವಿದ್ಯುತ್ ಕಂಬಕ್ಕೆ ಜೋಡಿಸಿದಾಗ ಅಥವಾ ಜನರೇಟರ್ ಓಡುವಾಗ ಮಾತ್ರ. ಯೊಸೆಮಿಟಿಯ ಕ್ಯಾಂಪ್‌ಗ್ರೌಂಡುಗಳಲ್ಲಿ ವಿದ್ಯುತ್ ಸಂಪರ್ಕವೇ ಇಲ್ಲ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡುವಂತಿಲ್ಲ. ಮಕ್ಕಳು ಮಲಗುವ ಹೊತ್ತಿಗೇ ಆ ದೀಪ ಆರಿರುತ್ತದೆ. ಗ್ರ್ಯಾಂಡ್ ಕ್ಯಾನಿಯನ್‌ನ ಟ್ರೇಲರ್ ವಿಲೇಜ್‌ನಂತೆ ಸಂಪರ್ಕವಿರುವ ಕಡೆ ಮಾತ್ರ ಅದು ಕೆಲಸಕ್ಕೆ ಬರುತ್ತದೆ.

ಯುಎಸ್‌ಬಿಯಲ್ಲಿ ನಡೆಯುವ ಆಂಬರ್ ದೀಪ ಒಯ್ಯಿರಿ. ಹಾಸಿಗೆಯ ಬಳಿಯ ಯುಎಸ್‌ಬಿ ಕಿಂಡಿ ಹೆಚ್ಚಾಗಿ ಮನೆ ಬ್ಯಾಟರಿಯದು, ಡ್ಯಾಶ್‌ಬೋರ್ಡಿನದು ಎಂಜಿನ್ ಬ್ಯಾಟರಿಯದು. ಎರಡನೆಯದರಲ್ಲಿ ರಾತ್ರಿಯಿಡೀ ಏನನ್ನೂ ಬಿಡಬೇಡಿ. ಪವರ್ ಬ್ಯಾಂಕ್ ನೆಚ್ಚಿಕೊಳ್ಳುವುದಾದರೆ ಮನೆಯಲ್ಲೇ ಒಂದು ರಾತ್ರಿ ಪರೀಕ್ಷಿಸಿ. ಬಹಳಷ್ಟು ಪವರ್ ಬ್ಯಾಂಕುಗಳು 50–100 ಮಿಲಿಆಂಪ್‌ಗಿಂತ ಕಡಿಮೆ ಎಳೆದರೆ ಫೋನ್ ತುಂಬಿತೆಂದು ತಿಳಿದು ತಾವೇ ಆಫ್ ಆಗುತ್ತವೆ. ಸಣ್ಣ ದೀಪಕ್ಕೆ ಆಗುವುದು ಇದೇ. 'ಕಡಿಮೆ ಕರೆಂಟ್' ಮೋಡ್ ಇರುವುದು ಬೇಕು. ಗ್ಯಾಸ್ ಮತ್ತು ಕಾರ್ಬನ್ ಮೊನಾಕ್ಸೈಡ್ ಅಲಾರಂನ ಹಸಿರು ದೀಪ ಕಣ್ಣಿಗೆ ಬೀಳುತ್ತದೆಂದು ಅದರ ಮೇಲೆ ಬಟ್ಟೆ ನೇತುಹಾಕಬೇಡಿ, ಗಾಳಿ ಹೋಗುವ ಕಿಂಡಿ ಮುಚ್ಚಿಹೋಗುತ್ತದೆ.

ಪ್ರಶ್ನೆ: ಬೆಂಗಳೂರಿನಿಂದ ಎರಡು ಕ್ಯಾಂಪರ್‌ಗಳಲ್ಲಿ ಲಡಾಖಿನ ಹಾನ್ಲೆಗೆ ನಕ್ಷತ್ರ ನೋಡಲು ಹೊರಟಿದ್ದೇವೆ. ಅಲ್ಲಿಗೆ ಬೇರೆ ದೀಪ ಬೇಕೇ? (ಬೆಂಗಳೂರಿನ ಓದುಗರು)

ಉತ್ತರ: ಬೇಕು, ಅಲ್ಲಿ ಮಾತ್ರ ಕೆಂಪು. ಹಾನ್ಲೆ ವೀಕ್ಷಣಾಲಯ ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯದು. ಸುಮಾರು 4,500 ಮೀಟರ್ ಎತ್ತರದಲ್ಲಿರುವ ಅಲ್ಲಿನ 2 ಮೀಟರ್ ದೂರದರ್ಶಕವನ್ನು ಹೊಸಕೋಟೆಯಿಂದಲೇ ನಡೆಸುತ್ತಾರೆ. 2022ರಲ್ಲಿ ಅಲ್ಲಿನ ಪ್ರದೇಶವನ್ನು ಕತ್ತಲ ಆಕಾಶದ ರಕ್ಷಿತ ತಾಣವೆಂದು ಘೋಷಿಸಲಾಯಿತು. ನಿಮ್ಮ ಒಂದು ಬಿಳಿ ದೀಪ ಪಕ್ಕದವರ ಇಡೀ ರಾತ್ರಿಯ ಫೋಟೋ ಕೆಡಿಸಬಲ್ಲದು. ಕತ್ತಲೆಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆಗೂ ಹೆಚ್ಚು ಬೇಕು, ಒಂದು ಮಿಂಚಿನಂಥ ಬಿಳಿ ಬೆಳಕಿಗೆ ಅದು ಮತ್ತೆ ಮೊದಲಿನಿಂದ.

630 ನ್ಯಾನೊಮೀಟರಿನ ಮೇಲಿನ ನಿಜವಾದ ಕೆಂಪು ಎಲ್‌ಇಡಿ ಬಳಸಿ. ಬಿಳಿ ದೀಪಕ್ಕೆ ಕೆಂಪು ಹಾಳೆ ಸುತ್ತಿದರೆ ಅಂಚಿನಲ್ಲಿ ಬಿಳಿ ಸೋರುತ್ತದೆ. ದೀಪಕ್ಕಿಂತ ಹೆಚ್ಚು ಕಾಟ ಕೊಡುವುದು ಮರೆತುಹೋದ ಬೆಳಕುಗಳು: ಬಾಗಿಲು ತೆರೆದೊಡನೆ ಹೊತ್ತುವ ಕ್ಯಾಬಿನ್ ದೀಪ, ರಿಮೋಟ್ ಲಾಕ್ ಒತ್ತಿದಾಗ ಮಿನುಗುವ ಇಂಡಿಕೇಟರ್, ಫ್ರಿಜ್ಜಿನ ಒಳದೀಪ, ಸೋಲಾರ್ ಕಂಟ್ರೋಲರಿನ ನೀಲಿ ಚುಕ್ಕೆ. ಸಂಜೆಯೇ ಕ್ಯಾಬಿನ್ ದೀಪದ ಸ್ವಿಚ್ 'ಆಫ್'ಗೆ ಬರಲಿ, ಚುಕ್ಕೆಗಳಿಗೆ ಟೇಪ್ ಅಂಟಿಸಿ, ಕೀಲಿಯಿಂದಲೇ ಬೀಗ ಹಾಕಿ. ಕಿಟಕಿಗೆ ದಪ್ಪ ಪರದೆ ಇರಲಿ. ಓಡುವ ವಾಹನದ ಮುಂದಿನಿಂದ ಕೆಂಪು ಬೆಳಕು ಕಾಣಬಾರದೆಂದು ಮೋಟಾರು ವಾಹನ ನಿಯಮವಿದೆ, ಆದ್ದರಿಂದ ಹೊರಡುವ ಮುನ್ನ ಆರಿಸಿ. ಇನ್ನೊಂದು, ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು ಸೊನ್ನೆ ಡಿಗ್ರಿ ಕೆಳಗೆ ಚಾರ್ಜ್ ಮಾಡಬಾರದು. ಬೆಳಗಿನ ಸೋಲಾರ್ ನೆಚ್ಚಿ ರಾತ್ರಿಯೆಲ್ಲ ಖರ್ಚು ಮಾಡಬೇಡಿ.

ಪ್ರಶ್ನೆ: ಮಳೆಗಾಲದಲ್ಲಿ ಬಾಗಿಲ ಮೆಟ್ಟಿಲಿನ ದೀಪ ಹಾಕಿದರೆ ಹುಳುಗಳ ಮುತ್ತಿಗೆ. ಹಾಕದಿದ್ದರೆ ಕಾಲಿಡಲು ಭಯ. ನೀರು ತಡೆಯುತ್ತದೆಂದು ಐಪಿ65 ಗುರುತು ಹಾಕಿದ್ದ ದೀಪವೂ ನೀರು ಕುಡಿದು ಕೆಟ್ಟಿತು. (ಸಕಲೇಶಪುರದ ಓದುಗರು)

ಉತ್ತರ: ಮೆಟ್ಟಿಲಿನ ದೀಪ ಇರಲೇಬೇಕು. ಮಲೆನಾಡಿನಲ್ಲಿ ಏನಿದೆ ಎಂದು ನೋಡದೆ ಕತ್ತಲಲ್ಲಿ ಕಾಲಿಡುವಂತಿಲ್ಲ. ಹುಳುಗಳನ್ನು ಸೆಳೆಯುವುದು ಹೆಚ್ಚಾಗಿ ನೇರಳಾತೀತ ಮತ್ತು ನೀಲಿ ಅಂಶ. ಆಂಬರ್ ಹಾಕಿದರೆ ತುಂಬ ಕಡಿಮೆಯಾಗುತ್ತವೆ, ಪೂರ್ತಿ ನಿಲ್ಲುವುದಿಲ್ಲ. ಮೊದಲ ಮಳೆಗೆ ರೆಕ್ಕೆ ಬಂದ ಗೆದ್ದಲು ಏಳುವ ಸಂಜೆ ಎಲ್ಲವನ್ನೂ ಆರಿಸಿ ಅರ್ಧ ಗಂಟೆ ಕಾಯುವುದೇ ಮೇಲು. ದೀಪ ಬಾಗಿಲ ತಲೆಯ ಮೇಲಲ್ಲ, ಮೆಟ್ಟಿಲಿನ ಕೆಳಗೆ ನೆಲ ನೋಡುತ್ತಿರಲಿ, ಇಳಿಯುವಾಗ ಮಾತ್ರ ಹೊತ್ತಲಿ. ಮುಂಗಾರಿನ ಮುಂಚೆ ಮಿಂಚುಹುಳಗಳಿರುವ ಕಡೆ ನಿಂತಿದ್ದರೆ ಅದನ್ನೂ ಆರಿಸಿ. ಅವು ಜೊತೆ ಹುಡುಕುವುದು ಬೆಳಕಿನ ಸಂಜ್ಞೆಯಿಂದ.

ನೀರು ನುಗ್ಗಿದ್ದು ಬಹುಶಃ ಸ್ಟ್ರಿಪ್ ಕತ್ತರಿಸಿದ ತುದಿಯಿಂದ. ಕತ್ತರಿಸಿದೊಡನೆ ಐಪಿ ಅಂಕಿಗೆ ಬೆಲೆಯಿಲ್ಲ. ತುದಿಗೆ ಸಿಲಿಕೋನ್ ತುಂಬಿ, ಮೇಲೆ ಒಳಬದಿಗೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗುವ ಕೊಳವೆ) ಹಾಕಿ. ವಿನೆಗರ್ ವಾಸನೆ ಬರುವ ಸಿಲಿಕೋನ್ ಬೇಡ, ಅದು ತಾಮ್ರವನ್ನು ಹಸಿರುಗಟ್ಟಿಸಿ ತಿನ್ನುತ್ತದೆ. 'ನ್ಯೂಟ್ರಲ್ ಕ್ಯೂರ್' ಎಂದಿರುವುದನ್ನು ಕೇಳಿ ತನ್ನಿ. ವೈರ್ ಒಳಹೋಗುವ ತೂತಿಗೆ ಮುಂಚೆ ಅದನ್ನು ಒಮ್ಮೆ ಕೆಳಗೆ ಬಗ್ಗಿಸಿ ಮೇಲೆ ತಂದರೆ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ.

ಪ್ರಶ್ನೆ: ಸ್ವಿಚ್ ಆಫ್ ಮಾಡಿದರೂ ದೀಪ ಮಿಣುಕುತ್ತಲೇ ಇರುತ್ತದೆ. (ತುಮಕೂರಿನ ಓದುಗರು)

ಉತ್ತರ: ಬಹುಶಃ ಒಳಗೆ ಸಣ್ಣ ದೀಪವಿರುವ ಸ್ವಿಚ್ ಹಾಕಿದ್ದೀರಿ, ಅದರ ಮೂಲಕ ಹರಿಯುವ ಒಂದೆರಡು ಮಿಲಿಆಂಪ್ ಸಾಕು. ಬೇರೆ ಸ್ವಿಚ್ ಹಾಕಿ, ಅಥವಾ 12 ವೋಲ್ಟ್ ದೀಪವಾದರೆ ಅದರ ಎರಡು ತಂತಿಗಳ ನಡುವೆ 2.2 ಕಿಲೋಓಮ್, ಕಾಲು ವ್ಯಾಟ್ ರೆಸಿಸ್ಟರ್ ಜೋಡಿಸಿ.

ಪ್ರಶ್ನೆ: ಮೇಲ್ಛಾವಣಿಯ ಕ್ಯಾಬಿನ್ ದೀಪದ ವೈರಿನಿಂದಲೇ ರಾತ್ರಿ ದೀಪಕ್ಕೆ ಎಳೆಯಬಹುದೇ? ಎಷ್ಟು ದಪ್ಪದ ವೈರ್, ಯಾವ ಫ್ಯೂಸ್? (ಧಾರವಾಡದ ಓದುಗರು)

ಉತ್ತರ: ಬೇಡ. ಕ್ಯಾಬಿನ್ ದೀಪ ಎಂಜಿನ್ ಬ್ಯಾಟರಿಯದು. ಮನೆ ಬ್ಯಾಟರಿಯ ಫ್ಯೂಸ್ ಬಾಕ್ಸಿನಲ್ಲಿ ಖಾಲಿ ಕಿಂಡಿ ಹುಡುಕಿ, 1 ಅಥವಾ 2 ಆಂಪ್ ಬ್ಲೇಡ್ ಫ್ಯೂಸ್ ಹಾಕಿ. ಬಾಕ್ಸೇ ಇಲ್ಲದಿದ್ದರೆ ಬ್ಯಾಟರಿಯ ಪ್ಲಸ್‌ನಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಬೇಕು. ಫ್ಯೂಸಿಗೂ ಬ್ಯಾಟರಿಗೂ ನಡುವಿನ ವೈರ್ ಎಲ್ಲಾದರೂ ತಗಡಿಗೆ ತಾಗಿದರೆ ಕಾಪಾಡಲು ಯಾರೂ ಇರುವುದಿಲ್ಲ.

ವೈರ್ 0.75 ಚದರ ಮಿಲಿಮೀಟರಿನ, ಎಳೆಎಳೆಯ ತಾಮ್ರದ ಆಟೋಮೋಟಿವ್ ವೈರ್. ನೂರು ಮಿಲಿಆಂಪ್‌ಗೆ ಇದಕ್ಕಿಂತ ತೆಳುವಾದದ್ದೂ ಸಾಕು, ಇದನ್ನು ಐದು ಮೀಟರ್ ಎಳೆದರೂ ವೋಲ್ಟೇಜ್ ಬೀಳುವುದು 0.02 ವೋಲ್ಟ್ ಆಸುಪಾಸು. ಆದರೂ ದಪ್ಪ ಬೇಕಿರುವುದು ಕುಲುಕಾಟಕ್ಕೆ ತುಂಡಾಗದಿರಲು. ಮೈನಸ್ ಅನ್ನು ಚಾಸಿಗೆ ತಿರುಪು ಹಾಕಿ ಮುಗಿಸದೆ ಬೇರೆ ವೈರಿನಲ್ಲೇ ಬ್ಯಾಟರಿಗೆ ತನ್ನಿ, ತುಕ್ಕು ಹಿಡಿದ ತಿರುಪಿನಿಂದ ಬರುವ ಮಿಣಮಿಣ ತಪ್ಪುತ್ತದೆ. ತಗಡಿನ ತೂತುಗಳಿಗೆಲ್ಲ ರಬ್ಬರ್ ಗ್ರಾಮೆಟ್ ಹಾಕಿ. ಕೈಯಿಂದ ಹೊಸೆದು ಟೇಪ್ ಸುತ್ತಿದ ಜಾಯಿಂಟ್ ಒಂದೂ ಇರಕೂಡದು, ಕ್ರಿಂಪ್ ಮಾಡಿ, ಪ್ರತಿಯೊಂದನ್ನೂ ಜಗ್ಗಿ ನೋಡಿ.

ಚಾನೆಲ್ ಅಂಟಿಸಲು ಎರಡೂ ಬದಿ ಬಿಗಿಯಾಗಿ ಅಂಟುವ ವಿಎಚ್‌ಬಿ ಟೇಪ್ ಒಳ್ಳೆಯದು. ಜಾಗವನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಒತ್ತಿ ಹಿಡಿದು ಅಂಟಿಸಿ. 24 ಗಂಟೆಯಲ್ಲಿ ಅದು ಮುಕ್ಕಾಲಿಗಿಂತ ಹೆಚ್ಚು ಗಟ್ಟಿಯಾಗುತ್ತದೆ, ಪೂರ್ತಿಗೆ 72 ಗಂಟೆ, ಅಲ್ಲಿಯವರೆಗೆ ವ್ಯಾನ್ ಹೊರಗೆ ತೆಗೆಯಬೇಡಿ. ಬಟ್ಟೆ ಹೊದಿಸಿದ ಪ್ಯಾನೆಲ್‌ಗೆ ಯಾವ ಟೇಪೂ ನಿಲ್ಲದು, ತಿರುಪೇ ಬೇಕು.

ಎಲ್ಲ ಜೋಡಿಸಿದ ಮೇಲೆ ಎಂಜಿನ್ ಓಡಿಸಿ, ದೀಪಗಳನ್ನು ಅರ್ಧ ಗಂಟೆ ಉರಿಸಿ. ಬೆರಳಿಟ್ಟಾಗ ಬೆಚ್ಚಗಿದ್ದರೆ ಪರವಾಗಿಲ್ಲ, ಚುರುಕು ಮುಟ್ಟಿದರೆ ವೋಲ್ಟೇಜ್ ಹೆಚ್ಚಿದೆ. ಆಮೇಲೆ ಎಂಜಿನ್ ನಿಲ್ಲಿಸಿ, ಫ್ಯೂಸ್ ತೆಗೆದು ಆ ಜಾಗದಲ್ಲಿ ಮಲ್ಟಿಮೀಟರನ್ನು ಆಂಪ್ ಮೋಡ್‌ನಲ್ಲಿಟ್ಟು ಎಲ್ಲ ದೀಪ ಹೊತ್ತಿದಾಗಿನ ಮತ್ತು ಆರಿದಾಗಿನ ಕರೆಂಟ್ ಎರಡನ್ನೂ ಅಳೆದು, ದಿನಾಂಕದೊಂದಿಗೆ ಫ್ಯೂಸ್ ಬಾಕ್ಸಿನ ಮುಚ್ಚಳದ ಒಳಗೆ ಬರೆದಿಡಿ. ಮುಂದೆ ಯಾವತ್ತಾದರೂ ಆರಿದಾಗಿನ ಅಂಕಿ ಏರಿದ್ದರೆ ಎಲ್ಲೋ ವೈರ್ ಸವೆದಿದೆ ಅಥವಾ ನೀರು ಸೇರಿದೆ ಎಂದು ತಿಳಿದು, ಮೊದಲು ಬಾಗಿಲ ಮೆಟ್ಟಿಲಿನ ಜಾಯಿಂಟ್ ಬಿಚ್ಚಿ ನೋಡಿ.